ನಾಲ್ಕು ಬೆರಳು ದೂರದ ನೀರು

ನನಗೆ ಏಳು ತಿಂಗಳು ತುಂಬುವಷ್ಟರಲ್ಲಿ ಮನೆಯಲ್ಲಿ ಒಂದು ಪಟ್ಟಿ ಸಿದ್ಧವಾಗಿತ್ತು. ಪಟ್ಟಿ ಬರೆಯುವುದರಲ್ಲಿ ನನ್ನವರದು ಎತ್ತಿದ ಕೈ, ಬರೆದದ್ದನ್ನು ಕಳೆದುಹಾಕುವುದರಲ್ಲಿ ನನ್ನದು. ಹಾಗಾಗಿ ಅದಕ್ಕೆ ಮೂರು ಪ್ರತಿಗಳಿದ್ದವು. ಒಟ್ಟು 47 ಬಾಬತ್ತು. ತೊಟ್ಟಿಲು, ತೊಟ್ಟಿಲ ಮೇಲೆ ತಿರುಗುವ ಹಕ್ಕಿಗಳು, ಟೋಪಿ, ಕಾಲುಚೀಲ, ಸ್ನಾನದ ನೀರಿನ ಬಿಸಿ ನೋಡಲು ಬಾತುಕೋಳಿಯ ಆಕಾರದ ಥರ್ಮಾಮೀಟರ್. ಕೊನೆಯದು, ಹಾಳೆಯ ತಳದಲ್ಲಿ ಒಂದು ಸಾಲು ಜಾಗ ಉಳಿದಿದ್ದರಿಂದ ಸೇರಿಸಿದ್ದು: 'ತಾಯಿಗೆ ಚಪ್ಪಲಿ'.

ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕಾಣಲಿಲ್ಲ. ಚಪ್ಪಲಿಯ ಬಣ್ಣ ಯಾವುದಿರಲಿ ಎಂದು ಯೋಚಿಸುತ್ತಿದ್ದೆ.

ಡೈಪರ್ ತೊಡಿಸುವ ತಾಲೀಮು ಒಂದು ಕರಡಿ ಗೊಂಬೆಯ ಮೇಲೆ ನಡೆಯಿತು. ಒಂದು ವಾರದ ಸಾಧನೆಯಲ್ಲಿ ನನ್ನವರು ಅದನ್ನು 22 ಸೆಕೆಂಡಿಗೆ ಇಳಿಸಿದ್ದರು. ವೈದ್ಯರು ಬರೆದುಕೊಟ್ಟ ಹೆರಿಗೆಯ ದಿನಾಂಕವನ್ನಂತೂ ಅವರು ರೈಲಿನ ವೇಳಾಪಟ್ಟಿಯಂತೆ ನಂಬಿದ್ದರು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಷ್ಟೆ ಎಂದು ವೈದ್ಯರೇ ಹೇಳಿದ್ದರೂ, ನಮ್ಮ ಮಗು ಆ ನಾಲ್ಕೈದರಲ್ಲಿ ಒಂದು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಮಗ 11 ದಿನ ಮೊದಲೇ ಬಂದ. ಪಟ್ಟಿಯಲ್ಲಿ 19ನೇ ಬಾಬತ್ತಿನವರೆಗೆ ಮಾತ್ರ ಗೀಟು ಬಿದ್ದಿತ್ತು.

ಆಸ್ಪತ್ರೆಯಲ್ಲಿ ಮೊದಲ ಡೈಪರ್ ಬಿಚ್ಚಿದ ಅಪ್ಪ ಬಿಳಿಚಿಕೊಂಡು ಕರೆಗಂಟೆ ಒತ್ತಿದರು. ಒಳಗಿದ್ದದ್ದು ಕಪ್ಪು ಹಸಿರು ಬಣ್ಣದ, ಡಾಂಬರಿನಂತೆ ಅಂಟುವ ವಸ್ತು. ನರ್ಸ್ ಬಂದು ಇಣುಕಿ, "ಮೊದಲ ಕಕ್ಕ ಹೀಗೆಯೇ ಇರುತ್ತದೆ ಸಾರ್, ಹೊಟ್ಟೆಯೊಳಗಿದ್ದಾಗ ನುಂಗಿದ್ದೆಲ್ಲ ಈಗ ಹೊರಗೆ ಬರುತ್ತಿದೆ. ನಾಲ್ಕೈದು ದಿನದಲ್ಲಿ ಹಳದಿಗೆ ತಿರುಗುತ್ತದೆ" ಎಂದು ಹೇಳಿ ಹೋದರು. ಒರೆಸಿದಷ್ಟೂ ಅದು ಹರಡಿತು. ಅರ್ಧ ದಾರಿಯಲ್ಲಿ ಮಗರಾಯ ಒಂದು ಕಾರಂಜಿಯನ್ನೂ ಹಾರಿಸಿದ. ಕರಡಿ ಗೊಂಬೆಗೆ ಈ ವಿದ್ಯೆ ಬರುತ್ತಿರಲಿಲ್ಲ. 22 ಸೆಕೆಂಡಿನ ಕೆಲಸಕ್ಕೆ 14 ನಿಮಿಷ ಮತ್ತು ಒಂದು ಅಂಗಿ ಖರ್ಚಾಯಿತು, ಅಂಗಿ ಅಪ್ಪನದು.

ನಾನು ನಗುತ್ತಿದ್ದೆ. ಆಮೇಲೆ ಅದೇ ನರ್ಸ್ ನನ್ನ ಚೀಲ ತೆರೆದರು. ಎಂದಿನ ಪ್ಯಾಡುಗಳ ಒಂದು ಪುಟ್ಟ ಪೊಟ್ಟಣವನ್ನು ಎತ್ತಿ ಹಿಡಿದು, "ಮಧ್ಯಾಹ್ನದವರೆಗೆ ಇದು ಸಾಕು. ಆಮೇಲೆ ಏನು ಮಾಡುತ್ತೀರಿ?" ಎಂದರು. ಹೆರಿಗೆಯ ನಂತರದ ರಕ್ತಸ್ರಾವ ಕಡಿಮೆಯಾಗುತ್ತಾ ಆರು ವಾರದವರೆಗೂ ಎಳೆಯಬಹುದು ಎಂಬ ಸಂಗತಿ ಬಾತುಕೋಳಿ ಹುಡುಕುವ ಗಡಿಬಿಡಿಯಲ್ಲಿ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಹೊಲಿಗೆ ಬಿದ್ದ ಮೇಲೆ ಕುಳಿತುಕೊಳ್ಳುವುದು ಎಷ್ಟು ದೊಡ್ಡ ಕಾರ್ಯಕ್ರಮ ಎಂಬುದೂ ತಿಳಿದಿರಲಿಲ್ಲ. ಕುರ್ಚಿಯನ್ನು ದೂರದಿಂದ ನೋಡುವುದು, ಹತ್ತಿರ ಹೋಗುವುದು, ಮನಸ್ಸು ಬದಲಾಯಿಸುವುದು. ಮಗುವಿಗೆ ಆರು ಬಗೆಯ ದಿಂಬು ತಂದಿದ್ದೆವು. ವೈದ್ಯರು ತೊಟ್ಟಿಲಲ್ಲಿ ದಿಂಬು, ಗೊಂಬೆ ಏನೂ ಇರಕೂಡದು, ಮಗುವನ್ನು ಅಂಗಾತ ಮಲಗಿಸಿ ಎಂದು ಅಷ್ಟನ್ನೂ ಹೊರಗೆ ಹಾಕಿಸಿದರು. ಆರೂ ನನ್ನ ಕೆಳಗೆ ಬಂದವು. ಆ ಪಟ್ಟಿಯಲ್ಲಿ ನನಗೆ ದಕ್ಕಿದ ದೊಡ್ಡ ಲಾಭ ಅದೇ.

ಮನೆಗೆ ಬಂದೆವು. ನವಜಾತ ಶಿಶು ದಿನಕ್ಕೆ ಸುಮಾರು 16 ಗಂಟೆ ಮಲಗುತ್ತದೆ ಎಂದು ಓದಿ ನಾನು ದೊಡ್ಡ ದೊಡ್ಡ ಯೋಜನೆ ಹಾಕಿಕೊಂಡಿದ್ದೆ. ಹಳೆಯ ಫೋಟೊಗಳನ್ನು ಜೋಡಿಸುವುದು ಅವುಗಳಲ್ಲೊಂದು. 16 ಗಂಟೆ ಎಂಬುದು ಸುಳ್ಳಲ್ಲ. ಆದರೆ ಅದು ಇಡಿಯಾಗಿ ಸಿಗುವುದಿಲ್ಲ, ಚಿಲ್ಲರೆಯಾಗಿ ಸಿಗುತ್ತದೆ, ಆ ಚಿಲ್ಲರೆಯೂ ಹಗಲು ರಾತ್ರಿಗಳಲ್ಲಿ ಉದುರಿ ಮಂಚದ ಕೆಳಗೆಲ್ಲ ಉರುಳಿಹೋಗಿರುತ್ತದೆ. ಮೊದಲ ದಿನ ಮಗುವಿನ ಹೊಟ್ಟೆಯಲ್ಲಿ ಹಿಡಿಸುವುದೇ ಒಂದು ಚಮಚದಷ್ಟು ಹಾಲು. ಆಮೇಲೆ ಬೇಗ ಹಿಗ್ಗುತ್ತದಾದರೂ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ತಪ್ಪುವುದಿಲ್ಲ. ಮಲಗಿದಾಗಲಾದರೂ ನೆಮ್ಮದಿಯೇ? ಎಳೆಯ ಮಕ್ಕಳು ನಿದ್ದೆಯಲ್ಲಿ ಬೇಗ ಬೇಗ ಉಸಿರಾಡಿ, ಐದಾರು ಸೆಕೆಂಡು ಸುಮ್ಮನಾಗಿ, ಮತ್ತೆ ಶುರು ಮಾಡುತ್ತವೆ. ಅದು ಸಹಜವಂತೆ. ಆ ಐದಾರು ಸೆಕೆಂಡುಗಳಲ್ಲಿ ನಾವಿಬ್ಬರೂ ಮೊಬೈಲ್ ಟಾರ್ಚ್ ಹಿಡಿದು ತೊಟ್ಟಿಲಿನ ಮೇಲೆ ಬಗ್ಗಿ, ಹಣೆಗೆ ಹಣೆ ಡಿಕ್ಕಿ ಹೊಡೆದುಕೊಂಡದ್ದು ಎರಡು ಸಲ.

ಇನ್ನು ನೀರಿನ ವಿಷಯ. ಒಂಬತ್ತನೇ ದಿನದ ರಾತ್ರಿ, ಗಂಟೆ ಎರಡೂವರೆ. ಹಾಲು ಕುಡಿಯುತ್ತಲೇ ಮಗ ನನ್ನ ಎಡತೋಳಿನ ಮೇಲೆ ನಿದ್ದೆ ಹೋದ. ಹಾಲು ಇಳಿಯುವಾಗ ಬರುವ ಬಾಯಾರಿಕೆಯನ್ನು ಪಡೆದವರೇ ಬಲ್ಲರು; ಬಾವಿಯನ್ನೇ ಎತ್ತಿ ಕುಡಿಯಬೇಕೆನಿಸುತ್ತದೆ. ನೀರಿನ ಬಾಟಲಿ ಮೇಜಿನ ಮೇಲಿತ್ತು. ಬಲಗೈ ಚಾಚಿದೆ. ಬೆರಳ ತುದಿಗೂ ಬಾಟಲಿಗೂ ನಾಲ್ಕು ಬೆರಳಿನ ಅಂತರ. ಭುಜವನ್ನು ಜಾರಿಸಿದೆ, ಮೂರು ಬೆರಳು. ಇನ್ನೂ ವಾಲಿದರೆ ತೋಳು ಅಲುಗುತ್ತದೆ. ಕಾಲಿನ ಹೆಬ್ಬೆರಳಿನಿಂದ ಮೇಜಿನ ಕಾಲನ್ನು ಎಳೆಯಲು ನೋಡಿದೆ. ಮೇಜು ಕಿರ್ರೆಂದಿತು. ಮಗ ಹುಬ್ಬು ಗಂಟಿಕ್ಕಿದ. ನಾನು ಉಸಿರು ಬಿಗಿಹಿಡಿದೆ. ಮುಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನನ್ನವರನ್ನು "ರೀ" ಎಂದು ಉಸಿರಿನಷ್ಟೇ ದನಿಯಲ್ಲಿ ಕರೆದೆ. ಬಾಗಿಲು ಮುಚ್ಚಿತ್ತು. ಮೊಬೈಲ್? ಅದು ಬಾಟಲಿಯ ಪಕ್ಕದಲ್ಲಿ, ಇನ್ನೂ ಒಂದು ಬೆರಳು ಆಚೆ.

ಹೀಗೆ ಎಷ್ಟು ಹೊತ್ತು ಕುಳಿತಿದ್ದೆನೋ. ಆಗ ಆ ಮೊಬೈಲ್ ಜೋರಾಗಿ ಬಾರಿಸಿತು. ಮಗ ಎರಡೂ ಕೈ ಚಾಚಿ ಬೆಚ್ಚಿ, ಮನೆ ಹಾರಿಹೋಗುವಂತೆ ಅತ್ತ. ಬಾಗಿಲು ತೆರೆದು ಬಂದ ನನ್ನವರ ಕಿವಿಯ ಮೇಲೆ ಇನ್ನೂ ಫೋನಿತ್ತು.

"ಬಾಗಿಲು ತೆರೆದರೆ ಮಗು ಎದ್ದುಬಿಡುತ್ತದೆ ಎಂದು ಫೋನ್ ಮಾಡಿದೆ" ಎಂದರು. "ನೀರು ಬೇಕೇನೋ ಎಂದು ಕೇಳೋಣವೆಂದು."

ನಾನು ಅತ್ತೆ. ಮಗನೊಂದಿಗೆ ಜೊತೆಯಾಗಿ, ಅದೇ ಶ್ರುತಿಯಲ್ಲಿ. ಆ ದಿನಗಳಲ್ಲಿ ನನ್ನ ಅಳುವಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಮೂರನೇ ದಿನ ಕಾಲುಚೀಲದ ಒಂದು ಜೊತೆ ಕಾಣೆಯಾದದ್ದಕ್ಕೆ ಅರ್ಧ ಗಂಟೆ ಅತ್ತಿದ್ದೆ. ಮೊದಲ ವಾರ ಬಹುತೇಕ ತಾಯಂದಿರಿಗೆ ಹೀಗಾಗುತ್ತದೆ, ಎರಡು ವಾರ ದಾಟಿದರೂ ಮೋಡ ಸರಿಯದಿದ್ದರೆ ಮಾತ್ರ ಮುಚ್ಚಿಟ್ಟುಕೊಳ್ಳದೆ ನನ್ನ ಬಳಿ ಬನ್ನಿ ಎಂದು ವೈದ್ಯರು ಹೇಳಿದ್ದರು. ಹೇಳಿದ್ದು ನನಗೆ, ಬರೆದುಕೊಂಡದ್ದು ನನ್ನವರು. ದಿನವೂ ಬೆಳಿಗ್ಗೆ "ಮೋಡ ಹೇಗಿದೆ?" ಎಂದು ಹವಾಮಾನ ಇಲಾಖೆಯವರಂತೆ ವಿಚಾರಿಸುತ್ತಿದ್ದರು. ಹನ್ನೆರಡನೇ ದಿನ ತಾನಾಗಿಯೇ ತಿಳಿಯಾಯಿತು.

ಅವರು ಬರೆದುಕೊಂಡದ್ದು ಅದೊಂದೇ ಅಲ್ಲ. ಹೊಸದೊಂದು ನೋಟ್ ಪುಸ್ತಕವಿತ್ತು: ಸಮಯ, ಎಡ, ಬಲ, ಸುಸ್ಸು, ಕಕ್ಕ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರಾದರೂ ಒದ್ದೆ ಡೈಪರ್ ಆದರೆ ಹಾಲು ಸಾಕಾಗುತ್ತಿದೆ ಎಂದು ಲೆಕ್ಕ. ಆರು ತುಂಬಿದ ದಿನ ಅವರ ಮುಖದಲ್ಲಿ ವರ್ಷಾಂತ್ಯದ ಲೆಕ್ಕ ತಾಳೆಯಾದ ಕಳೆ. ನಿದ್ದೆಗೆಟ್ಟ ಒಂದು ಬೆಳಿಗ್ಗೆ ನಾಲ್ಕು ಗಂಟೆಯ ಸಾಲಿನಲ್ಲಿ ಹೀಗಿತ್ತು: 'ಬಲ, 20 ನಿಮಿಷ. ಸಭೆಯನ್ನು ಮುಂದೂಡಲಾಗಿದೆ.' ಮೂರನೇ ವಾರ ಕಚೇರಿಗೆ ಹೋದಾಗ ಗಡಿಬಿಡಿಯಲ್ಲಿ ಆ ಪುಸ್ತಕವನ್ನೇ ಕೊಂಡೊಯ್ದರು. ಅಲ್ಲಿ ಯಾರು ತೆರೆದರು, ಯಾವ ಪುಟ ತೆರೆದರು ಎಂದು ನಾನು ಕೇಳಿಲ್ಲ.

ನೋಡಲು ಬಂದವರ ಬಗ್ಗೆ ಹೆಚ್ಚು ಹೇಳದಿರುವುದೇ ಕ್ಷೇಮ. ಎಲ್ಲರೂ ಒಂದೇ ಮಾತು: "ಮಗುವನ್ನು ನನ್ನ ಕೈಗೆ ಕೊಡು, ನೀನು ಕೆಲಸ ಮುಗಿಸಿಕೋ." ಕೆಲಸ ಅವರ ಕೈಗೆ ಕೊಟ್ಟು ಮಗುವನ್ನು ನಾನು ಇಟ್ಟುಕೊಳ್ಳುವುದು ಯಾರ ತಲೆಗೂ ಹೊಳೆಯಲಿಲ್ಲ. ಪಕ್ಕದ ಮನೆಯಾಕೆ ಒಬ್ಬರೇ, ಮಗುವಿನತ್ತ ಬಾಗಿಲಿನಿಂದಲೇ ಕೈಬೀಸಿ, ನೇರವಾಗಿ ಹೋಗಿ ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಹೋದರು, ಒಣಗಿಸಿ ಮಡಚಿ ಸಂಜೆ ತಂದಿಟ್ಟರು. ಆಕೆ ಏನು ಕೇಳಿದರೂ ನಾನು ಇಲ್ಲ ಎನ್ನಲಾರೆ. ಬಾತುಕೋಳಿಯನ್ನೂ ಕೊಟ್ಟುಬಿಡುತ್ತೇನೆ. ಹೇಗೂ ನಾವು ನೀರಿನ ಬಿಸಿಯನ್ನು ಮೊಣಕೈ ಅದ್ದಿಯೇ ನೋಡುತ್ತಿದ್ದೇವೆ.

ಈಗ ತಂಗಿಗೆ ಏಳನೇ ತಿಂಗಳು. "ಅಕ್ಕ, ನಿಮ್ಮ ಪಟ್ಟಿ ಕಳಿಸು" ಎಂದಳು. ಹಳೆಯದನ್ನು ಹುಡುಕಲು ಹೋಗದೆ ಹೊಸದಾಗಿ ಬರೆದೆ. ಹೀರುಗೊಳವೆಯಿರುವ ನೀರಿನ ಬಾಟಲಿ, ಮೂರು. ಕೂರುವ ಪ್ರತಿ ಜಾಗಕ್ಕೊಂದು. ದೊಡ್ಡ ಪ್ಯಾಡು. ಕುಳಿತುಕೊಳ್ಳಲು ದಿಂಬು. ಉದ್ದನೆಯ ಚಾರ್ಜರ್ ತಂತಿ. ಗಂಡನ ಮೊಬೈಲಿನಿಂದ ನಿನ್ನ ಸಂಖ್ಯೆಯನ್ನು ರಾತ್ರಿ ಮಟ್ಟಿಗೆ ತೆಗೆಸಿಬಿಡು. ಬಕೆಟ್ ಎತ್ತುವ ಒಬ್ಬರು.

ಹತ್ತು ನಿಮಿಷದಲ್ಲಿ ಉತ್ತರ ಬಂತು: "ಇದೇನಕ್ಕ, ಇದರಲ್ಲಿ ಮಗುವಿಗೆ ಏನೂ ಇಲ್ಲವಲ್ಲ? ತೊಟ್ಟಿಲ ಮೇಲೆ ತಿರುಗುವ ಹಕ್ಕಿಗಳನ್ನು ಎಲ್ಲಿಂದ ತಂದಿರಿ, ಅದನ್ನು ಹೇಳು."

ಉತ್ತರ ಬರೆಯಬೇಕು. ಮಗ ತೋಳಿನ ಮೇಲೆ ಮಲಗಿದ್ದಾನೆ, ಮೊಬೈಲ್ ಮೇಜಿನ ಆ ತುದಿಗಿದೆ.