ದ್ವೀಪದ ಹೆಸರು ಆಮೇಲೆ, ಮೊದಲು ಗಾಳಿಯ ದಿಕ್ಕು ನೋಡಿ

ನ್ಯೂಜೆರ್ಸಿಯಲ್ಲಿ ಮೊದಲ ಹಿಮ ಬಿದ್ದ ವಾರವೇ ನಮ್ಮ ಕನ್ನಡ ಬಳಗದಲ್ಲಿ ಒಂದು ಪ್ರಶ್ನೆ ತಪ್ಪದೆ ಹುಟ್ಟುತ್ತದೆ. "ಅಕ್ಕಾ, ನಾವಿಬ್ಬರೇ ಒಂದು ವಾರ ಕೆರಿಬಿಯನ್‌ಗೆ ಹೋಗಬೇಕೆಂದಿದ್ದೇವೆ, ಯಾವ ದ್ವೀಪ ಚೆನ್ನಾಗಿದೆ?" ಮಕ್ಕಳು ಕಾಲೇಜಿಗೆ ಹೋದ ಮೇಲೆ ನಾವು ಗಂಡ ಹೆಂಡತಿ ಆಗಾಗ ಆ ಕಡೆ ಹೋಗಿಬರುತ್ತೇವೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಪ್ರಶ್ನೆ ನನ್ನ ಪಾಲಿಗೇ ಬರುತ್ತದೆ. ಇದಕ್ಕೆ ಉತ್ತರವೇ ಇಲ್ಲ ಎಂದರೆ ನನಗೆ ಜಂಬವೆಂದುಕೊಳ್ಳುತ್ತಾರೆ. ಅದಕ್ಕೇ ಒಮ್ಮೆ ಉದ್ದಕ್ಕೆ ಬರೆದು ಹಾಕುತ್ತಿದ್ದೇನೆ.

ಬಹಾಮಾಸ್‌ನಿಂದ ಟ್ರಿನಿಡಾಡ್‌ವರೆಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರವಿದೆ. ಅಷ್ಟು ಉದ್ದದ ಸಾಲಿನಲ್ಲಿ ಎಲ್ಲ ದ್ವೀಪಗಳೂ ಜಾಹೀರಾತಿನಲ್ಲಿ ಒಂದೇ ರೀತಿ ಕಾಣುತ್ತವೆ: ಒಂದು ಬಾಗಿದ ತೆಂಗಿನ ಮರ, ಅದರ ಕೆಳಗೆ ಎರಡು ಕುರ್ಚಿ. ನಿಜವಾಗಿ ಆಂಗ್ವಿಲಾ ಸುಣ್ಣಕಲ್ಲಿನ ಚಪ್ಪಟೆ ನೆಲ. ಅಲ್ಲಿ ಮರಳು ಹಿಟ್ಟಿನ ಹಾಗೆ ಬೆಳ್ಳಗಿರುತ್ತದೆ, ಆದರೆ ಕಾಡಿಲ್ಲ, ಹೊಳೆಯಿಲ್ಲ. ಡೊಮಿನಿಕಾ ಜ್ವಾಲಾಮುಖಿಯಿಂದ ಎದ್ದ ಬೆಟ್ಟಗಳ ದ್ವೀಪ. ಅಲ್ಲಿಗೆ ಜಲಪಾತ ನೋಡಲು ಹೋಗಬೇಕು, ಬಿಳಿ ಮರಳು ಹುಡುಕಿ ಹೋದರೆ ಜಗಳವಾಗುತ್ತದೆ. ಹೀಗಿರುವಾಗ "ಯಾವುದು ಚೆನ್ನ" ಎಂದರೆ ಏನು ಹೇಳಲಿ?

ನನ್ನ ಪ್ರಕಾರ ಮೊದಲು ಕೇಳಬೇಕಾದವು ಎರಡೇ. ಹೋಟೆಲಿನ ದಡ ಯಾವ ದಿಕ್ಕಿಗೆ ಮುಖ ಮಾಡಿದೆ? ಗೇಟು ದಾಟಿ ಕಾಲ್ನಡಿಗೆಯಲ್ಲಿ ರಾತ್ರಿ ಊಟಕ್ಕೆ ಹೋಗಬಹುದೇ? ಇವೆರಡಕ್ಕೆ ಉತ್ತರ ಸಿಕ್ಕರೆ ದ್ವೀಪದ ಹೆಸರು ತಾನಾಗಿ ಹಿಂದೆ ಬರುತ್ತದೆ.

ದಿಕ್ಕಿನ ಮಾತು ಮೊದಲು. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ, ಜೂನ್ ಜುಲೈನಲ್ಲಿ ಮಲ್ಪೆಯ ಸಮುದ್ರಕ್ಕೆ ಕಾಲಿಡುವವರಿಲ್ಲ. ಕೆರಿಬಿಯನ್‌ನಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ವರ್ಷದ ಹೆಚ್ಚಿನ ಕಾಲ ಗಾಳಿ ಮೂಡಣದಿಂದ, ಅಟ್ಲಾಂಟಿಕ್ ಮೇಲಿಂದ ಬೀಸುತ್ತದೆ. ಆದ್ದರಿಂದ ಪೂರ್ವದ ದಡ ಒರಟು, ದ್ವೀಪದ ಮರೆಯಲ್ಲಿರುವ ಪಶ್ಚಿಮದ ದಡ ಶಾಂತ. ಬಾರ್ಬಡೋಸ್‌ನಲ್ಲಿ ಇದನ್ನು ಒಂದೇ ದಿನದಲ್ಲಿ ಕಣ್ಣಾರೆ ನೋಡಬಹುದು. ಪಶ್ಚಿಮದ ಹೋಲ್‌ಟೌನ್‌ನಲ್ಲಿ ಬೆಳಿಗ್ಗೆ ನೀರು ಅಲುಗಾಡದೆ ನಿಂತಿರುತ್ತದೆ. ಅದೇ ದಿನ ಪೂರ್ವದ ಬಾತ್‌ಶೀಬಾಕ್ಕೆ ಹೋದರೆ ಅಲೆ ಬಂಡೆಗೆ ಅಪ್ಪಳಿಸುವ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಅಲೆಯ ಮೇಲೆ ಹಲಗೆ ಸವಾರಿ ಮಾಡುವವರಿಗೆ ಅದು ಸ್ವರ್ಗ. ನಮ್ಮ ತಲೆಮಾರಿನ ಹೆಚ್ಚಿನ ಕನ್ನಡಿಗರಿಗೆ ಈಜು ಬಾರದು ಎಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳೋಣ. ನಮಗೆ ಬೇಕಾದದ್ದು ಸೊಂಟದ ಮಟ್ಟದ ತಿಳಿನೀರು, ಅದರಲ್ಲಿ ನಿಂತು ಒಂದು ಗಂಟೆ ಹರಟೆ. ಅದು ಪಶ್ಚಿಮದಲ್ಲಿದೆ. ಸೂರ್ಯಾಸ್ತವೂ ಅಲ್ಲೇ. ಉತ್ತರಕ್ಕೆ ಮುಖ ಮಾಡಿದ ದಡಗಳ ಬಗ್ಗೆ ಮಾತ್ರ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎಚ್ಚರವಿರಲಿ, ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ದೊಡ್ಡ ಅಲೆ ಅಲ್ಲಿಯವರೆಗೂ ಉರುಳಿ ಬರುತ್ತದೆ.

ಪೂರ್ವದ ದಡಕ್ಕೆ ಇನ್ನೊಂದು ಪೀಡೆ ಅಂಟಿಕೊಂಡಿದೆ. 2011ರಿಂದ ಈಚೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ಅಟ್ಲಾಂಟಿಕ್‌ನಲ್ಲಿ ರಾಶಿರಾಶಿಯಾಗಿ ತೇಲಿ ಬರುತ್ತಿದೆ. ವಸಂತದಿಂದ ಬೇಸಿಗೆಯ ಕೊನೆಯವರೆಗೆ ಅದರ ಕಾಲ. ದಡಕ್ಕೆ ಬಿದ್ದು ಕೊಳೆತರೆ ಕೊಳೆತ ಮೊಟ್ಟೆಯ ನಾತ. ನಮ್ಮ ಪರಿಚಯದ ಎಳೆಯ ದಂಪತಿ ಮದುವೆಯ ವಾರ್ಷಿಕೋತ್ಸವಕ್ಕೆಂದು ಪೂರ್ವ ದಡದ ಒಂದು ದುಬಾರಿ ಹೋಟೆಲಿಗೆ ಹೋಗಿದ್ದರು. ಕೋಣೆಯ ಮುಂದಿನ ಮರಳನ್ನು ಬೆಳಗಾಗುವ ಮೊದಲೇ ಟ್ರ್ಯಾಕ್ಟರ್ ಗುಡಿಸುತ್ತಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅಷ್ಟೇ ಎತ್ತರದ ರಾಶಿ. ಹೋಟೆಲಿನ ಜಾಲತಾಣದಲ್ಲಿದ್ದ ಫೋಟೊ ಯಾವ ಕಾಲದ್ದೋ ದೇವರೇ ಬಲ್ಲ. ಅತಿಥಿಗಳು ಹಾಕಿದ, ನೀವು ಹೋಗುವ ತಿಂಗಳಿನದೇ ಫೋಟೊಗಳನ್ನು ಹುಡುಕಿ ನೋಡಿ.

ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30. ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಹೋಗಲೇಬೇಕೆಂದಿದ್ದರೆ ದಕ್ಷಿಣದ ಅರುಬಾ, ಬೊನೇರ್, ಕ್ಯುರಸಾವೊ ಕಡೆ ನೋಡಿ, ಆ ಹಾದಿಯಲ್ಲಿ ಚಂಡಮಾರುತ ಬರುವುದು ಅಪರೂಪ. ಗ್ರೆನೇಡಾ ಕೂಡ ಅಪಾಯದ ಹೊರಗಿದೆ ಎನ್ನುವವರ ಮಾತು ಕೇಳಬೇಡಿ. 2004ರಲ್ಲಿ ಐವನ್ ಚಂಡಮಾರುತ ಅಲ್ಲಿನ ಮನೆಗಳ ಮಾಡನ್ನೂ ಜಾಯಿಕಾಯಿ ತೋಟಗಳನ್ನೂ ಕಿತ್ತೆಸೆಯಿತು. 2024ರ ಜುಲೈ 1ರಂದು ಬೆರಿಲ್ ಅದೇ ದೇಶದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು. ಜಮೈಕಾದ ಟ್ರೆಷರ್ ಬೀಚ್ ನನ್ನ ಪಟ್ಟಿಯಲ್ಲಿ ಮೇಲಿದ್ದ ಊರು. ಅಲ್ಲೆಲ್ಲ ಸಣ್ಣ ಸಣ್ಣ ವಸತಿಗೃಹಗಳು, ಮೀನುಗಾರರ ದೋಣಿಗಳು. ಆ ಭಾಗಕ್ಕೆ ಬೆರಿಲ್ ಹೊಡೆದ ಮರುವರ್ಷವೇ, 2025ರ ಅಕ್ಟೋಬರ್‌ನಲ್ಲಿ, ಮೆಲಿಸ್ಸಾ ಬಂದು ಬಡಿಯಿತು. ಮತ್ತೆ ಬಾಗಿಲು ತೆರೆದವರ ಮನೆಗೆ ವಿಚಾರಿಸಿಕೊಂಡು ಹೋಗಿ. ಅಂಥವರಿಗೆ ನಮ್ಮ ಅಯ್ಯೋ ಪಾಪಕ್ಕಿಂತ ಕೋಣೆಯ ಬಾಡಿಗೆ ಹೆಚ್ಚು ಉಪಕಾರಿ. ತಿಂಗಳ ವಿಷಯದಲ್ಲಿ ನನ್ನ ಆಯ್ಕೆ ಏಪ್ರಿಲ್ ಕೊನೆಯಿಂದ ಮೇ. ಚಳಿಗಾಲದ ದರ ಏಪ್ರಿಲ್ ಮಧ್ಯಕ್ಕೆ ಇಳಿಯುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಕಡಲಕಳೆಯ ಕಾಲ ಆಗಲೇ ಶುರುವಾಗಿರುತ್ತದೆ ನಿಜ, ಪಶ್ಚಿಮದ ದಡ ಹಿಡಿದವರಿಗೆ ಅದರ ಕಾಟ ಕಡಿಮೆ.

ಈಗ ಗೇಟಿನ ಮಾತು. ಎಲ್ಲವನ್ನೂ ಒಂದೇ ಹಣದಲ್ಲಿ ಕೊಡುವ ದೊಡ್ಡ ರೆಸಾರ್ಟುಗಳ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ, ಏಳು ದಿನ ಅದೇ ಬಫೆ, ಅದೇ ಸಾಲು, ಬೆಳಿಗ್ಗೆ ಆರಕ್ಕೇ ಟವೆಲ್ ಹಾಸಿ ಕುರ್ಚಿ ಹಿಡಿಯುವ ಪೈಪೋಟಿ. ಯಾವ ದೇಶದಲ್ಲಿದ್ದೀರಿ ಎಂಬುದೇ ಮರೆತುಹೋಗುತ್ತದೆ. ಚಿಕ್ಕ ಮಕ್ಕಳಿದ್ದವರಿಗೆ ಅದು ಅನುಕೂಲ, ಒಪ್ಪುತ್ತೇನೆ. ಗಂಡ ಹೆಂಡತಿ ಇಬ್ಬರೇ ಹೋದವರು ಗೋಡೆಯೊಳಗೆ ಕುಳಿತು ಮಾತನಾಡುವುದೇನು? ಮನೆಯ ಸಾಲದ ಕಂತು, ಮಗನ ಮಾರ್ಕ್ಸು! ಹೊರಗೆ ಕಾಲಿಟ್ಟರೆ ತಾನೇ ಹೊಸ ಮಾತು ಹುಟ್ಟುವುದು? ಬಾರ್ಬಡೋಸ್‌ನಲ್ಲಿ, ಆಂಟಿಗುವಾದಲ್ಲಿ ಎಲ್ಲ ಬೀಚುಗಳೂ ಸಾರ್ವಜನಿಕ. ಸಂಜೆ ಊರಿನವರೂ ಬಂದು ಈಜುತ್ತಾರೆ, ಅಜ್ಜಿಯರು ಕುತ್ತಿಗೆ ಮಟ್ಟದ ನೀರಿನಲ್ಲಿ ಟೋಪಿ ಹಾಕಿಕೊಂಡು ನಿಂತು ಊರ ಸುದ್ದಿ ಹೇಳುತ್ತಿರುತ್ತಾರೆ. ಜಮೈಕಾದಲ್ಲಿ ಹಾಗಲ್ಲ. 1956ರ ಹಳೆಯ ಕಾನೂನಿನ ಪ್ರಕಾರ ಸಮುದ್ರಕ್ಕಿಳಿಯುವ ಹಕ್ಕು ಜನರಿಗೆ ತಾನಾಗಿ ಬರುವುದಿಲ್ಲ. ಹೋಟೆಲುಗಳು ದಡಕ್ಕೆ ಬೇಲಿ ಹಾಕಿದ್ದರ ವಿರುದ್ಧ ಅಲ್ಲಿನವರು ಇಂದಿಗೂ ಹೋರಾಡುತ್ತಿದ್ದಾರೆ.

ನನ್ನ ಎರಡೂ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟ ಊರು ಬೆಕ್ವೇ. ಸೇಂಟ್ ವಿನ್ಸೆಂಟ್ ದೇಶಕ್ಕೆ ಸೇರಿದ, ಸುಮಾರು 18 ಚದರ ಕಿಲೋಮೀಟರಿನ ದ್ವೀಪ. ರಾಜಧಾನಿ ಕಿಂಗ್ಸ್‌ಟೌನ್‌ನಿಂದ ದೋಣಿಯಲ್ಲಿ ಒಂದು ಗಂಟೆ. ದೋಣಿಯಲ್ಲಿ ನಿಮ್ಮ ಜೊತೆ ಗ್ಯಾಸ್ ಸಿಲಿಂಡರು, ಹಾಸಿಗೆ, ಕೋಳಿಮರಿಯ ಡಬ್ಬ, ಶಾಲೆಯ ಮಕ್ಕಳು. ಇಳಿದ ಬಂದರಿನಿಂದ ನೀರಿನ ಅಂಚಿನಲ್ಲೇ ಒಂದು ಕಾಲುದಾರಿ ಹೋಗುತ್ತದೆ. ಅದರುದ್ದಕ್ಕೂ ಪುಟ್ಟ ಹೋಟೆಲು, ಪುಟ್ಟ ಊಟದ ಮನೆ. ಗುಡ್ಡದ ಮೂಗನ್ನು ಬಳಸಿ ಮುಂದೆ ಹೋದರೆ ಪ್ರಿನ್ಸೆಸ್ ಮಾರ್ಗರೆಟ್ ಬೀಚು, ಅದರಾಚೆ ಲೋವರ್ ಬೇ. ಎರಡೂ ಗಾಳಿಯ ಮರೆಯಲ್ಲಿವೆ.

ನಾವು ಇಳಿದುಕೊಂಡದ್ದು ಒಬ್ಬ ಹಿರಿಯ ಹೆಂಗಸು ನಡೆಸುವ, ಬೆರಳೆಣಿಕೆಯ ಕೋಣೆಗಳ ಮನೆ. ಏಸಿ ಇರಲಿಲ್ಲ, ಪಟ್ಟಿಪಟ್ಟಿ ಮರದ ಕಿಟಕಿ, ಫ್ಯಾನು, ಸೊಳ್ಳೆಪರದೆ. ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ಗಾಬರಿಯಾಗಲಿಲ್ಲ, ಹಿತ್ತಲಿಗೆ ಹೋದರು. ಇದ್ದಿಲ ಒಲೆಯ ಮೇಲೆ ಇಡೀ ಜೀಗುಜ್ಜೆಯನ್ನು (ಬ್ರೆಡ್‌ಫ್ರೂಟ್) ಇಟ್ಟು, ಸಿಪ್ಪೆ ಪೂರ್ತಿ ಕರಟುವವರೆಗೆ ತಿರುಗಿಸುತ್ತಾ ಕುಳಿತರು. ತೊಟ್ಟಿನ ಬಳಿಯಿಂದ ಹಬೆ ಬುಸ್ಸೆಂದು ಹೊರಟಾಗ ಇಳಿಸಿ, ಕಪ್ಪು ಸಿಪ್ಪೆಯನ್ನು ಚಾಕುವಿನಿಂದ ಕೆತ್ತಿ ತೆಗೆದರು. ಒಳಗೆ ಹಳದಿ ಬಿಳುಪಿನ, ಹೊಗೆಯ ಘಮದ ತಿರುಳು. ಅದಕ್ಕೆ ಉಪ್ಪು ಬೆಣ್ಣೆ. ನಮ್ಮವರು ಮೆಲ್ಲಗೆ, "ಒಂದಿಷ್ಟು ಕಾಯಿಚಟ್ನಿ ಇದ್ದಿದ್ದರೆ..." ಎಂದರು. "ರೀ, ಕೊಟ್ಟಿದ್ದನ್ನು ತಿನ್ನಿ" ಎಂದೆ, ಆದರೆ ನನ್ನ ಮನಸ್ಸಿನಲ್ಲೂ ಅದೇ ಇತ್ತು. ಈ ಮರ ಆ ದ್ವೀಪಗಳದ್ದಲ್ಲ. ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದಲ್ಲಿ ಹೊಟ್ಟೆ ತುಂಬಿಸಲೆಂದು ಕ್ಯಾಪ್ಟನ್ ಬ್ಲೈ 1793ರಲ್ಲಿ ಪೆಸಿಫಿಕ್‌ನ ಟಹೀಟಿಯಿಂದ ಹಡಗಿನಲ್ಲಿ ಸಸಿಗಳನ್ನು ಸೇಂಟ್ ವಿನ್ಸೆಂಟ್‌ಗೆ ತಂದ. ಈಗ ಹಿತ್ತಲಿಗೊಂದು ಮರ.

ಊಟದ ವಿಷಯದಲ್ಲಿ ನಮ್ಮ ಕನ್ನಡಿಗರು ಅನಗತ್ಯವಾಗಿ ಹೆದರುತ್ತಾರೆ. ಗ್ರೆನೇಡಾದ ರಾಷ್ಟ್ರೀಯ ಖಾದ್ಯ ಆಯಿಲ್ ಡೌನ್. ಜೀಗುಜ್ಜೆ, ತೆಂಗಿನ ಹಾಲು, ಅರಸಿನ, ಕೆಸುವಿನ ಸೊಪ್ಪು ಒಟ್ಟಿಗೆ ಹಾಕಿ, ಹಾಲು ಇಂಗಿ ತಳದಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸುತ್ತಾರೆ. ಉಪ್ಪು ಹಾಕಿ ಒಣಗಿಸಿದ ಮಾಂಸ ಅಥವಾ ಮೀನು ಸೇರಿಸುವುದು ವಾಡಿಕೆ. ಹಿಂದಿನ ದಿನವೇ ಹೇಳಿದರೆ ಅದಿಲ್ಲದೆ ಮಾಡಿಕೊಡುವವರಿದ್ದಾರೆ. ಸಣ್ಣ ಹೋಟೆಲಿನ ಲಾಭವೇ ಇದು, ಹೇಳಿದ್ದು ನೇರ ಒಲೆಯ ಮುಂದೆ ಇರುವವರ ಕಿವಿಗೆ ಬೀಳುತ್ತದೆ. ಟ್ರಿನಿಡಾಡ್‌ನಲ್ಲಂತೂ ಚಿಂತೆಯೇ ಇಲ್ಲ. 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಭಾರತದಿಂದ ಕರಾರಿನ ಕೂಲಿಗಳನ್ನು ಹೊತ್ತು ತಂದಾಗಿನಿಂದ ಅಲ್ಲಿ ರೊಟ್ಟಿ, ಬೇಳೆ, ಕಡಲೆ ಮನೆಮಾತು. ಬೀದಿಬದಿಯಲ್ಲಿ ಡಬಲ್ಸ್ ಕೇಳಿ: ಎರಡು ಮೆತ್ತನೆಯ ಬಾರಾ (ಎಣ್ಣೆಯಲ್ಲಿ ಕರಿದ ಪುಟ್ಟ ರೊಟ್ಟಿ), ನಡುವೆ ಕಡಲೆ ಪಲ್ಯ, ಮೇಲೆ ಖಾರ. ಖಾರ "ಸ್ವಲ್ಪ" ಎಂದೇ ಹೇಳಿ, ನಮ್ಮ ಶೌರ್ಯ ಅಲ್ಲಿ ನಡೆಯುವುದಿಲ್ಲ.

ನಮ್ಮವರ ದ್ವೀಪಗಳ ಪಟ್ಟಿ ಬೇರೆಯೇ. ಅವರಿಗೆ ಸಮುದ್ರಕ್ಕಿಂತ ಕ್ರಿಕೆಟ್ ಮೈದಾನ ಮುಖ್ಯ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಾಗ ವಿಶ್ವನಾಥ್ 112, ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಔಟಾಗದೆ 49. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದ ಕುಂಬ್ಳೆ ಲಾರಾ ವಿಕೆಟ್ ತೆಗೆದರು. 2006ರಲ್ಲಿ ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ನಾಯಕ ದ್ರಾವಿಡ್ ಎರಡೂ ಇನಿಂಗ್ಸಿನಲ್ಲಿ ಅರ್ಧಶತಕ ಹೊಡೆದು ಸರಣಿ ಗೆದ್ದುಕೊಟ್ಟರು. ಇದನ್ನೆಲ್ಲ ಹೇಳುವಾಗ ಅವರ ಕಣ್ಣು ತುಂಬುತ್ತದೆ, ನಾನು ಬೇಡವೆನ್ನುವುದಿಲ್ಲ. ಆದರೆ ಪೋರ್ಟ್ ಆಫ್ ಸ್ಪೇನ್ ಊರೊಳಗೆ ಈಜುವ ಬೀಚಿಲ್ಲ. ಹಾಗಾಗಿ ಒಪ್ಪಂದ ಇಷ್ಟು: ಎರಡು ರಾತ್ರಿ ಮೈದಾನಕ್ಕೆ, ಉಳಿದದ್ದು ಪಕ್ಕದ ಟೊಬೇಗೊದ ಕಸ್ಟಾರಾ ಎಂಬ ಮೀನುಗಾರರ ಹಳ್ಳಿಗೆ. ಅದರ ಬೆನ್ನಿಗಿರುವ ಕಾಡು 1776ರಿಂದಲೇ ಕಾನೂನಿನ ರಕ್ಷಣೆಯಲ್ಲಿದೆ. ಗಂಡ ಹೆಂಡತಿಯ ಪ್ರವಾಸದಲ್ಲಿ ಇಬ್ಬರ ಹಟಕ್ಕೂ ಜಾಗ ಇರಬೇಕು. ಆದರೆ ಒಂದೇ ವಾರದಲ್ಲಿ ಮೂರು ದೇಶ ಸುತ್ತುವ ಯೋಚನೆ ಬೇಡ. ದ್ವೀಪದಿಂದ ದ್ವೀಪಕ್ಕೆ ಹಾರುವ ಸಣ್ಣ ವಿಮಾನಗಳು ದೂರಕ್ಕೆ ಹೋಲಿಸಿದರೆ ವಿಪರೀತ ದುಬಾರಿ, ಅರ್ಧ ರಜೆ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕಳೆಯುತ್ತದೆ.

ಹೋಟೆಲು ಹುಡುಕುವಾಗ ಉಪಗ್ರಹ ನಕ್ಷೆ ತೆರೆದಿಟ್ಟುಕೊಳ್ಳಿ. "ಬೀಚಿನ ಪಕ್ಕ" ಎಂದವರ ಮತ್ತು ಬೀಚಿನ ನಡುವೆ ಹೆದ್ದಾರಿ ಇರಬಹುದು, ಇನ್ನೂರು ಮೆಟ್ಟಿಲೂ ಇರಬಹುದು. ಮಂಡಿನೋವಿನ ವಯಸ್ಸಿನವರು ಮೆಟ್ಟಿಲಿನ ಲೆಕ್ಕ ಕೇಳಲೇಬೇಕು. ನೇರವಾಗಿ ಒಂದು ಇಮೇಲ್ ಹಾಕಿ, ಉತ್ತರ ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ನೋಡಿ. ಸಣ್ಣ ಜಾಗವಾದರೆ ಬಹುಮಟ್ಟಿಗೆ ಯಜಮಾನರೇ ಬರೆಯುತ್ತಾರೆ. ತೆರಿಗೆ ಮತ್ತು ಸೇವಾ ಶುಲ್ಕ ಸೇರಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಬಿಲ್ಲು ಬೆಟ್ಟವಾಗುತ್ತದೆ. ಹೋಟೆಲಿನ ದರಪಟ್ಟಿಯಲ್ಲಿ ಡಾಲರ್ ಗುರುತು ಕಂಡರೆ ಯಾವ ಡಾಲರ್ ಎಂದೂ ಕೇಳಿ. ಗ್ರೆನೇಡಾ, ಸೇಂಟ್ ವಿನ್ಸೆಂಟ್ ಕಡೆಯ ಪೂರ್ವ ಕೆರಿಬಿಯನ್ ಡಾಲರ್ 1976ರಿಂದ ಅಮೆರಿಕದ ಒಂದು ಡಾಲರಿಗೆ 2.70ರ ದರದಲ್ಲಿ ಗಟ್ಟಿಯಾಗಿ ನಿಂತಿದೆ. ಇನ್ನೊಂದು: ಬೀಚಿನಲ್ಲಿ ಪುಟ್ಟ ಹಸಿರು ಸೇಬಿನಂಥ ಕಾಯಿ ಬಿಡುವ ಮ್ಯಾಂಚಿನೀಲ್ ಮರದ ಕೆಳಗೆ, ಅದರಲ್ಲೂ ಮಳೆ ಬರುವಾಗ, ನಿಲ್ಲಬೇಡಿ. ಅದರ ಹಾಲು ಚರ್ಮವನ್ನು ಸುಡುತ್ತದೆ, ಕಾಯಿ ವಿಷ.

ಬೆಂಗಳೂರಿನಿಂದ ಕೇಳುವವರಿಗೆ ನನ್ನ ನೇರ ಉತ್ತರ: ಬರೀ ಮರಳು, ನೀಲಿ ನೀರು ಬೇಕಿದ್ದರೆ ಲಕ್ಷದ್ವೀಪ, ಅಂಡಮಾನ್, ಮಾಲ್ಡೀವ್ಸ್ ಹತ್ತಿರವಿವೆ. ಲಂಡನ್ ಅಥವಾ ಅಮೆರಿಕ ಸುತ್ತಿ ಇಷ್ಟು ದೂರ ಬರಬೇಡಿ. ಅಮೆರಿಕದ ಮಗಳ ಮನೆಗೆ ಹೇಗೂ ಬಂದಿದ್ದರೆ ಸರಿ. ಭಾರತದ ಪಾಸ್‌ಪೋರ್ಟಿಗೆ ಬಾರ್ಬಡೋಸ್, ಗ್ರೆನೇಡಾ, ಸೇಂಟ್ ವಿನ್ಸೆಂಟ್, ಜಮೈಕಾ, ಟ್ರಿನಿಡಾಡ್‌ಗಳು ಪ್ರವಾಸಕ್ಕೆ ಮೊದಲೇ ವೀಸಾ ಕೇಳುವುದಿಲ್ಲ. ಆದರೂ ಟಿಕೆಟ್ ಕೊಳ್ಳುವ ದಿನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ, ಮತ್ತು ಮಗಳ ಮನೆಗೆ ಮರಳಲು ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಇದೆಯೇ ನೋಡಿ.

ಇಲ್ಲಿ ಎಚ್-1ಬಿ ಕೆಲಸದ ವೀಸಾದಲ್ಲಿರುವ ಹುಡುಗ ಹುಡುಗಿಯರು ಮುಖ್ಯವಾಗಿ ಓದಬೇಕಾದದ್ದು ಇದು. ಪಾಸ್‌ಪೋರ್ಟಿನಲ್ಲಿನ ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರಬಹುದೆಂಬ ನಿಯಮ ಕೆರಿಬಿಯನ್ ದ್ವೀಪಗಳಿಗೆ ನಿಮ್ಮ ಮಟ್ಟಿಗೆ ಅನ್ವಯಿಸುವುದಿಲ್ಲ. ದ್ವೀಪಗಳ ರಿಯಾಯಿತಿ ಇರುವುದು ವಿದ್ಯಾರ್ಥಿಗಳ ಎಫ್ ಮತ್ತು ವಿನಿಮಯ ಕಾರ್ಯಕ್ರಮದ ಜೆ ವೀಸಾದವರಿಗೆ. ಸ್ಟಾಂಪ್ ಮುಗಿದವರು ಅಮೆರಿಕದ ಆಡಳಿತದಲ್ಲೇ ಇರುವ ಪೋರ್ಟೊ ರಿಕೊ ಅಥವಾ ಸೇಂಟ್ ಜಾನ್ ಆರಿಸಿಕೊಳ್ಳಿ. ಪೋರ್ಟೊ ರಿಕೊದ ವಿಯೆಕೆಸ್ ದ್ವೀಪದ ಎಸ್ಪೆರಾನ್ಸಾ ಹಳ್ಳಿ ನನಗೆ ಇಷ್ಟ. ಸಮುದ್ರದಂಚಿನ ಒಂದೇ ಬೀದಿ, ಅಲ್ಲೇ ವಸತಿ, ಅಲ್ಲೇ ಊಟ. ಹತ್ತಿರದ ಮಸ್ಕಿಟೊ ಕೊಲ್ಲಿಯಲ್ಲಿ ರಾತ್ರಿ ದೋಣಿಯ ಹುಟ್ಟು ಹಾಕಿದರೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ನೀಲಿಯಾಗಿ ಮಿನುಗುತ್ತವೆ. ಬೆಳದಿಂಗಳಿದ್ದರೆ ಅದು ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಅಮಾವಾಸ್ಯೆಯ ಆಸುಪಾಸಿಗೆ ಕೋಣೆ ಕಾದಿರಿಸಿ. ಮನೆಯಲ್ಲಿ ಪಂಚಾಂಗ ತೂಗುಹಾಕಿರುವ ನಿಮಗೆ ಆ ದಿನಾಂಕವನ್ನೂ ನಾನೇ ಹುಡುಕಿ ಕೊಡಬೇಕೇ?