ತಿಮರೆಗೆ ಟ್ಯೂಬು ಬಂತು

ಬೆಂಗಳೂರಿನಿಂದ ಬಂದ ಮಗಳು ಬಚ್ಚಲಿನ ಕನ್ನಡಿಯ ಹತ್ತಿರ ಒಂದು ಹಸಿರು ಟ್ಯೂಬು ಇಟ್ಟಿದ್ದಳು. ಬೆಲೆ 850 ರೂಪಾಯಿ. ಹೊರಗೆ ಒಂದು ಎಲೆಯ ಚಿತ್ರ. ಕನ್ನಡಕ ಹಾಕಿ ನೋಡಿದೆ. ಅರೆ, ಇದು ನಮ್ಮ ತಿಮರೆ ಅಲ್ವಾ!

ತಿಮರೆ ಅಂದರೆ ಒಂದೆಲಗ. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಒಂದೆಲಗ ಅಂದರೂ ಗೊತ್ತಾಗುತ್ತದೆ, ಆದರೆ ಬಾಯಿಗೆ ಬರುವುದು ತಿಮರೆಯೇ. ಅಡಕೆ ತೋಟದ ಕಣಿಯ, ಅಂದರೆ ನೀರು ಹರಿಯುವ ಕಾಲುವೆಯ ಬದಿಯಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಹರಿದುಬರುವಲ್ಲಿ, ಯಾರೂ ನೆಡದೆ ಹಬ್ಬಿಕೊಳ್ಳುತ್ತದೆ. ಗಂಟು ಗಂಟಿಗೂ ನೆಲಕ್ಕೆ ಬೇರು ಬಿಟ್ಟಿರುತ್ತದೆ. ಒಂದು ಬಳ್ಳಿ ಹಿಡಿದು ಎಳೆದರೆ ಪಟಪಟ ಅಂತ ಕಿತ್ತು ಬರುತ್ತದೆ, ಹಳೆ ರವಿಕೆಯ ಹೊಲಿಗೆ ಬಿಚ್ಚಿದ ಹಾಗೆ. ತೊಟ್ಟಿಗೊಂದೇ ಎಲೆ, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ಸಂಸ್ಕೃತದಲ್ಲಿ ಮಂಡೂಕಪರ್ಣಿ. ಹೆಸರಿಗೆ ಸರಿಯಾಗಿ, ಕೊಯ್ಯಲು ಕೈ ಹಾಕಿದರೆ ಒಂದಾದರೂ ಕಪ್ಪೆ ಹಾರಿ ನಮ್ಮನ್ನು ಹಾರಿಸುತ್ತದೆ.

ಕೊಯ್ಯಲು ಒಂದೇ ನಿಯಮ. ಅಡಕೆಗೆ ಕೊಳೆರೋಗದ ಮದ್ದು ಬಿಟ್ಟ ಮೇಲೆ ಮುಟ್ಟುವಂತಿಲ್ಲ. ಮೈಲುತುತ್ತು, ಸುಣ್ಣದ ನೀಲಿ ಹನಿ ಮರದ ತಲೆಯಿಂದ ನೇರ ಇದರ ಮೇಲೇ ಬೀಳುತ್ತದಲ್ಲ! ಉಳಿದ ದಿನಗಳಲ್ಲಿ ಒಂದು ಮುಷ್ಟಿ ತಂದು, ಮಣ್ಣು ಹೋಗುವಷ್ಟು ತೊಳೆದು, ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಹಾಕಿ ಕಡೆದು, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಪರೀಕ್ಷೆ ಹತ್ತಿರ ಬಂದಾಗ ನಮಗೆಲ್ಲ ಜಾಸ್ತಿ ಬಡಿಸುತ್ತಿದ್ದರು. ಬುದ್ಧಿ ಚುರುಕಾಗುತ್ತದಂತೆ. ಚರಕ ಸಂಹಿತೆಯಲ್ಲೂ ಬುದ್ಧಿಗೆ ಹೇಳಿದ ನಾಲ್ಕು ರಸಾಯನಗಳಲ್ಲಿ ಇದರ ರಸ ಒಂದು. ನನ್ನ ಗಣಿತದ ಅಂಕ ಇಲ್ಲಿ ಬೇಡ ಬಿಡಿ.

ಟ್ಯೂಬನ್ನು ಅತ್ತೆಗೆ ತೋರಿಸಿದೆ. ಮೂಸಿದರು. ತಿರುಗಿಸಿ ಮುರುಗಿಸಿ ನೋಡಿದರು.

"ಇದರ ತಿಂಬಲಕ್ಕೊ?" ಇದನ್ನು ತಿನ್ನಬಹುದಾ ಅಂತ.

ಮಗಳು ನಕ್ಕು ನಕ್ಕು ಸುಸ್ತಾದಳು. ಆಮೇಲೆ ಪಾಠ ಶುರು ಮಾಡಿದಳು. ಕೊರಿಯಾದವರ ಕ್ರೀಮುಗಳಲ್ಲಿ ಇದರ ಹೆಸರು ಸಿಕಾ. ಇದರಲ್ಲಿ ಏಷಿಯಾಟಿಕೋಸೈಡ್, ಮಡೆಕಾಸೋಸೈಡ್ ಎಂಬ ಸತ್ವಗಳುಂಟು. ಚರ್ಮದ ಕೆಂಪು, ಉರಿ ಇಳಿಸಲು, ಗಾಯ ಮಾಯಲು ಬೇಕಾದ ಕೊಲಾಜನ್ ಎಂಬ ಪ್ರೋಟೀನು ಕಟ್ಟಲು ಅವು ನೆರವಾಗುತ್ತವೆ. ಎರಡನೆಯ ಹೆಸರಿನೊಳಗೆ ಮಡಗಾಸ್ಕರ್ ದ್ವೀಪ ಕೂತಿದೆ. ಅಲ್ಲಿನ ತಿಮರೆಯೂ ಹೆಸರುವಾಸಿಯೇ. ಗಾಯವಾದ ಹುಲಿ ಇದರ ಮೇಲೆ ಹೊರಳಾಡುತ್ತದೆ ಅಂತ ಒಂದು ಕತೆಯೂ ಇದೆಯಂತೆ. ನಮ್ಮ ತೋಟದಲ್ಲಿ ಹೊರಳಾಡುವುದು ಹಂದಿ ಮಾತ್ರ.

"ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು" ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು, ನಮ್ಮ ಅಜ್ಜಿ ಒಂದು ದಿನವೂ ಇದನ್ನು ಮುಖಕ್ಕೆ ಹಚ್ಚಿದ್ದಿಲ್ಲ. ಮುಖಕ್ಕೆ ಅವರದ್ದು ಅರಶಿನ, ಕಡಲೆಹಿಟ್ಟು. ತಿಮರೆ ಏನಿದ್ದರೂ ಹೊಟ್ಟೆಗೆ.

ಆದರೂ 850 ರೂಪಾಯಿ ಕಣ್ಣು ಕುಕ್ಕುತ್ತಿತ್ತು. ಮರುದಿನ ಒಂದು ಹಿಡಿ ಕೊಯ್ದು, ಅರೆದು, ಮುಖಕ್ಕೆ ಬಳಿದುಕೊಂಡು ಜಗಲಿಯಲ್ಲಿ ಕೂತೆ. ಒಣಗುತ್ತಾ ಬಂದ ಹಾಗೆ ಕೆನ್ನೆ ಬಿಗಿಯಿತು, ಗಲ್ಲದ ಹತ್ತಿರ ತುರಿಕೆ ಎದ್ದಿತು. ಹಾಲು ತರಲು ಬಂದ ಪಕ್ಕದ ಮನೆಯ ಹುಡುಗ ಚೊಂಬು ಅಲ್ಲೇ ಬಿಟ್ಟು ಓಡಿದ. ತೊಳೆದ ಮೇಲೂ ಸಂಜೆಯವರೆಗೆ ಮುಖ ಹಸಿರು ಹಸಿರು.

"ಅಮ್ಮ, ಕ್ರೀಮಿನಲ್ಲಿ ಸತ್ವ ಮಾತ್ರ ಸೋಸಿ, ಅಳತೆ ನೋಡಿ ಹಾಕಿರ್ತಾರೆ. ನೀನು ಕಣಿಯ ಮಣ್ಣನ್ನೂ ಸೇರಿಸಿ ಹಚ್ಚಿದ್ದೀಯ" ಅಂದಳು ಮಗಳು. ಕ್ರೀಮನ್ನೂ ಕೆಲವರ ಚರ್ಮ ಒಪ್ಪುವುದಿಲ್ಲವಂತೆ, ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಬೇಕಂತೆ. ಇದನ್ನು ನಿನ್ನೆಯೇ ಹೇಳಬಾರದಿತ್ತೇ?

ರಜೆ ಮುಗಿಸಿ ಹೋಗುವಾಗ ಅವಳು ಟ್ಯೂಬು ಮರೆತಳು. ಅತ್ತೆ ಅದನ್ನು ಒಡೆದ ಹಿಮ್ಮಡಿಗೆ ಹಚ್ಚತೊಡಗಿದರು. "ಪರಿಮಳವೇ ಇಲ್ಲ" ಎಂದು ದಿನಾ ದೂರು, ದಿನಾ ಹಚ್ಚುವುದು. ರಾತ್ರಿ ಅವರು ಮಲಗಿದ ಮೇಲೆ ನಾನೂ ಕಡಲೆಕಾಳಿನಷ್ಟು ತೆಗೆದು ಕೆನ್ನೆಗೆ ಸವರಿಕೊಳ್ಳುತ್ತೇನೆ. ತುರಿಸುವುದಿಲ್ಲ. ಮೊನ್ನೆ ಒತ್ತಿದರೂ ಬರಲಿಲ್ಲ. ಅಡಕೆ ಕತ್ತರಿಯಿಂದ ಟ್ಯೂಬಿನ ಬಾಲ ಕತ್ತರಿಸಿ ಬೆರಳು ಹಾಕಿ ನೋಡಿದೆ. ಇನ್ನು ಎರಡು ದಿನಕ್ಕೆ ಸಾಕು.