ಕೊಟ್ಟಾಯ್ತಲ್ಲಮ್ಮ, ಇನ್ನೇನು ಬೇಕು?

ಮಹಿಳಾ ದಿನ ಬಂತೆಂದರೆ ನಮ್ಮ ನಾಯಕರಿಗೆ ಗಂಟಲು ತುಂಬಿ ಬರುತ್ತದೆ. ಸರ್ಕಲ್‌ನಲ್ಲಿ ಆಳೆತ್ತರದ ಫ್ಲೆಕ್ಸ್. 'ಸ್ತ್ರೀಶಕ್ತಿಗೆ ನಮನ' ಅಂತ ದಪ್ಪಕ್ಷರ. ಕೆಳಗೆ ಹನ್ನೊಂದು ಮುಖ, ಹನ್ನೊಂದಕ್ಕೂ ಮೀಸೆ. ಮೂಲೆಯಲ್ಲಿ ಕಿತ್ತೂರು ಚೆನ್ನಮ್ಮ, ಅದೂ ಅರ್ಧ. ಉಳಿದರ್ಧಕ್ಕೆ ಶುಭ ಕೋರುವವರ ಹೆಸರು ಅಡ್ಡ ಬಂದಿದೆ. ಭಾಷಣದಲ್ಲಿ ಒಂದೇ ರಾಗ: ಲೋಕಸಭೆ, ವಿಧಾನಸಭೆಯಲ್ಲಿ ಮೂರನೇ ಒಂದು ಭಾಗ ಮೀಸಲಾತಿ ಕೊಟ್ಟಾಯ್ತಲ್ಲಮ್ಮ, ಇನ್ನೇನು ಬೇಕು?

ಕೊಟ್ಟಿದ್ದು ನಿಜ. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಮೀಸಲಾತಿ ಮಸೂದೆ ಪರವಾಗಿ 454 ಮತ, ವಿರುದ್ಧ ಬರೀ 2. ರಾಜ್ಯಸಭೆಯಲ್ಲಿ 214, ವಿರುದ್ಧ ಸೊನ್ನೆ. ಸಂಬಳ ಏರಿಸಿಕೊಳ್ಳುವಾಗ ಬಿಟ್ಟರೆ ಇಂಥ ಒಗ್ಗಟ್ಟು ಕಾಣುವುದು ಅಪರೂಪ, ಅಲ್ವಾ?

ಈ ಮಸೂದೆಯನ್ನು ಮೊದಲು ತಂದದ್ದು ನಮ್ಮ ದೇವೇಗೌಡರ ಸರ್ಕಾರ, 1996ರಲ್ಲಿ. ಅದನ್ನು ಪರಿಶೀಲಿಸಿದ ಸಂಸದೆ ಗೀತಾ ಮುಖರ್ಜಿ ಅವರ ಸಮಿತಿ ಅದೇ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಪಾಪ, ಆಯಮ್ಮನಿಗೆ ಅವಸರ. 2000ದಲ್ಲಿ ತೀರಿಕೊಂಡರು, ಏನೂ ನೋಡಲಿಲ್ಲ. ಸಂಸದ ಶರದ್ ಯಾದವ್ ಅವರಿಗೆ, ಲಾಭವೆಲ್ಲ ಕೂದಲು ಕತ್ತರಿಸಿಕೊಂಡ ಹೆಂಗಸರಿಗೇ ಹೋದೀತು ಅನ್ನುವ ಚಿಂತೆ ಹತ್ತಿತು. 1998ರಲ್ಲಿ ಸಂಸದರೊಬ್ಬರು ಕಾನೂನು ಸಚಿವ ತಂಬಿದುರೈ ಕೈಯಿಂದ ಪ್ರತಿ ಕಿತ್ತುಕೊಂಡು ಹರಿದೇಬಿಟ್ಟರು. 2010ರಲ್ಲಿ ಗಲಾಟೆ ಮಾಡಿದವರನ್ನು ಮಾರ್ಷಲ್‌ಗಳು ಎತ್ತಿ ಹೊರಗೆ ಹಾಕಿದ ಮೇಲೆ ರಾಜ್ಯಸಭೆ ಪಾಸು ಮಾಡಿತು. ಲೋಕಸಭೆಗೆ ಪುರುಸೊತ್ತಾಗಲಿಲ್ಲ.

ಹಾಗಾದರೆ 27 ವರ್ಷದ ಮೇಲೆ ಎಲ್ಲರ ಮನಸ್ಸು ಒಟ್ಟಿಗೆ ಕರಗಿದ್ದು ಹೇಗೆ? ಆಗ ಪಾಸಾದ ಕಾನೂನು ಓದಿ. ಮೊದಲು ಜನಗಣತಿ. ಆಮೇಲೆ ಕ್ಷೇತ್ರ ಮರುವಿಂಗಡಣೆ. ಅದಾದ ಮೇಲೆ ಮೀಸಲಾತಿ. 2021ರಲ್ಲಿ ಮುಗಿಯಬೇಕಿದ್ದ ಜನಗಣತಿ ಆಗಿನ್ನೂ ಶುರುವೇ ಆಗಿರಲಿಲ್ಲ. ಊಟಕ್ಕೆ ಕೂರಿಸಿ, ಎಲೆ ಬೇಕಲ್ಲ ಅಂತ ಬಾಳೆ ಕಂದು ನೆಡಲು ಹೋದ ಹಾಗೆ. ಮೇಜು ಕುಟ್ಟಿದವರಲ್ಲಿ ಯಾರ ಸೀಟೂ 2024ಕ್ಕೆ ಅಲುಗಾಡುವ ಹಾಗಿರಲಿಲ್ಲ. ಜಾರಿಯಾದೀತು ಅನ್ನುವ ಭಯ ಇದ್ದಾಗ ಹರಿದರು. ಸದ್ಯಕ್ಕಿಲ್ಲ ಅಂತ ಖಾತ್ರಿಯಾದಾಗ ಹಂಚಿದ್ದು ಲಾಡು.

ಇದಕ್ಕಿಂತ ನಮ್ಮ ಪಂಚಾಯ್ತಿಗಳೇ ವಾಸಿ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಕಾಲದಲ್ಲಿ, 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಹೆಂಗಸರಿಗೆ ಶೇ 25 ಸೀಟು. ಈಗ ಶೇ 50. ಇದರ ಜೊತೆಗೇ ಹುಟ್ಟಿದ್ದು 'ಅಧ್ಯಕ್ಷರ ಯಜಮಾನರು' ಅನ್ನುವ ಹುದ್ದೆ. ಇದಕ್ಕೆ ಚುನಾವಣೆ ಇಲ್ಲ, ಪ್ರಮಾಣವಚನ ಇಲ್ಲ, ಅವಿಶ್ವಾಸ ನಿರ್ಣಯವೂ ಇಲ್ಲ. ಅಧ್ಯಕ್ಷೆಗೆ ಫೋನ್ ಮಾಡಿದರೆ ಎತ್ತುವವರು ಇವರೇ: 'ಹೇಳಿ, ನಾನೇ ಅಧ್ಯಕ್ಷರು.' ಬೈಕಿನ ಮುಂದೆ 'ಗ್ರಾ.ಪಂ. ಅಧ್ಯಕ್ಷರು' ಅಂತ ಕೆಂಪು ಬೋರ್ಡು. ಹಿಂದಿನ ಸೀಟಿನಲ್ಲಿ, ಸೆರಗು ಚಕ್ರಕ್ಕೆ ಸಿಗದ ಹಾಗೆ ಮುದುರಿ ಹಿಡಿದು ಕೂತಿರುವವರು ಅಧ್ಯಕ್ಷರು. ಸಹಿ ಹಾಕುವ ಜಾಗಕ್ಕೆ ಯಜಮಾನರು ಬೆರಳಿಟ್ಟು ತೋರಿಸುತ್ತಾರೆ. ಆದರೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ 'ಸ್ವಲ್ಪ ಬೆರಳು ತೆಗೀರಿ, ಓದ್ಬೇಕು' ಅಂದ ಹೆಂಗಸರೂ ಇದ್ದಾರೆ. ವಿಧಾನಸಭೆ, ಸಂಸತ್ತಿನವರಿಗೆ ಇರುವ ಭಯ ಬಹುಶಃ ಇದೇ.

ತಮಾಷೆ ಸಾಕು. ಟಿಕೆಟ್ ಕೊಡೋಕೆ ಯಾವ ತಿದ್ದುಪಡಿ ಬೇಕು? ಅದಕ್ಕೂ ಜನಗಣತಿ ಬೇಕಾ? 2019ರಲ್ಲಿ ಆಗಿನ ಮುಖ್ಯಮಂತ್ರಿ ನವೀನ್ ಪಟ್ನಾಯಕ್ ಒಡಿಶಾದ 21 ಲೋಕಸಭಾ ಸೀಟುಗಳಲ್ಲಿ 7 ಹೆಂಗಸರಿಗೆ ಕೊಟ್ಟರು. 5 ಜನ ಗೆದ್ದರು. ಆಗ ಯಾವ ಕಾನೂನೂ ಇರಲಿಲ್ಲ. ನಮ್ಮಲ್ಲಿ 2023ರಲ್ಲಿ ವಿಧಾನಸಭೆಯ 224ರಲ್ಲಿ ಗೆದ್ದು ಬಂದ ಹೆಂಗಸರು 10. ಅವರಲ್ಲೂ ಒಬ್ಬರು ಪಕ್ಷ ಟಿಕೆಟ್ ಕೊಡದೆ ಪಕ್ಷೇತರರಾಗಿ ನಿಂತವರು. ಸಂಸತ್ತಿನಲ್ಲಿ ಮಸೂದೆಗೆ ಮೇಜು ಕುಟ್ಟಿ ವರ್ಷ ತುಂಬುವ ಮೊದಲೇ ಲೋಕಸಭೆ ಚುನಾವಣೆ ಬಂತು. ನಮ್ಮ 28ರಲ್ಲಿ 3. ಇಡೀ ದೇಶದ 543ರಲ್ಲಿ 74, ಹಿಂದಿನ ಸಲಕ್ಕಿಂತ 4 ಕಡಿಮೆ. ನಾಚಿಕೆ ಆಗಬೇಕು.

ಟಿಕೆಟ್ ಕೇಳಲು ಹೋದ ಹೆಂಗಸಿಗೆ ಇವತ್ತಿಗೂ ಮೊದಲ ಪ್ರಶ್ನೆ, 'ಯಜಮಾನರು ಏನು ಮಾಡ್ಕೊಂಡಿದ್ದಾರೆ?' ಗಂಡಸಿಗೆ 'ನಿಮ್ಮ ಹೆಂಡತಿ ಏನು ಮಾಡ್ತಾರೆ' ಅಂತ ಯಾವ ಹೈಕಮಾಂಡ್ ಕೇಳಿದೆ? ಅವರ ನೆನಪಾಗುವುದೇನಿದ್ದರೂ ಅಫಿಡವಿಟ್ ತುಂಬುವಾಗ. ಅರ್ಧ ಆಸ್ತಿ ಅವರ ಹೆಸರಲ್ಲೇ ಇರುತ್ತದಲ್ಲ.